ಸೂರು ರಾಜ್ಯದ್ದು, ಹುಕುಂ ಯಾರದ್ದು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ರಾಜ್ಯಗಳಿಗೆ ನ್ಯಾಷನಲ್ ಗಾರ್ಡ್ ಎಂಬ ಸ್ವಂತ ಪಡೆ ಇದೆ, ನಮ್ಮ ರಾಜ್ಯಗಳಿಗೂ ಅಂಥದ್ದೊಂದು ಇದ್ದರೆ ಮಾತುಮಾತಿಗೂ ದೆಹಲಿಯ ಮುಖ ನೋಡುವುದು ತಪ್ಪುತ್ತದೆ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದಾರೆ. ನಾನು ಶಿವಮೊಗ್ಗದ ಕಡೆಯವನು, ಈಗ ಇರುವುದು ನ್ಯೂಯಾರ್ಕ್‌ನಲ್ಲಿ. ಆ ಪಡೆ ‘ಸ್ವಂತ’ ಎನ್ನುವುದು ಅರ್ಧ ಮಾತ್ರ ನಿಜ.

ಈ ಗಾರ್ಡ್‌ನ ಮೂಲ ರಾಜ್ಯಗಳ ಹಳೆಯ ನಾಗರಿಕ ಪಡೆ. ಅಮೆರಿಕದ ಸಂವಿಧಾನ ಬರೆದಾಗ ಅದರ ಮೇಲಿನ ಅಧಿಕಾರದ ಹಂಚಿಕೆ ಹೀಗಿತ್ತು: ಅಧಿಕಾರಿಗಳ ನೇಮಕ ಮತ್ತು ತರಬೇತಿ ರಾಜ್ಯದ ಕೆಲಸ, ದಂಗೆ ಅಡಗಿಸಲು, ದಾಳಿ ತಡೆಯಲು ಪಡೆಯನ್ನು ಕರೆಸಿಕೊಳ್ಳುವ ಅಧಿಕಾರ ಕೇಂದ್ರದ್ದು. 1792ರ ಕಾನೂನು 18ರಿಂದ 45 ವಯಸ್ಸಿನ ಬಿಳಿಯ ಗಂಡಸರೆಲ್ಲ ಪಡೆಗೆ ಹೆಸರು ಬರೆಸಬೇಕು ಎಂದಿತು. ಬಂದೂಕನ್ನೂ ಅವರವರೇ ತಂದುಕೊಳ್ಳಬೇಕಿತ್ತು! ಅದು ನಡೆಯಲಿಲ್ಲ. 1903ರ ಹೊಸ ಕಾನೂನಿನಿಂದ ಕೇಂದ್ರದ ದುಡ್ಡು ಜಾಸ್ತಿ ಬಂತು, ದುಡ್ಡಿನ ಹಿಂದೆಯೇ ಕೇಂದ್ರದ ನಿಯಮಗಳೂ ಬಂದವು. 1933ರಿಂದ ಗಾರ್ಡ್ ಸೇರುವವರು ಒಂದೇ ಸಲಕ್ಕೆ ರಾಜ್ಯದ ಪಡೆಗೂ ದೇಶದ ಪಡೆಗೂ ಸೇರಿದಂತೆ. ತನ್ನ ರಾಜ್ಯದ ಪಡೆಯನ್ನು ತರಬೇತಿಗೆಂದು ಮಧ್ಯ ಅಮೆರಿಕಕ್ಕೆ ಕಳಿಸಬೇಡಿ ಎಂದು ಮಿನ್ನೆಸೋಟಾದ ಗವರ್ನರ್ ರೂಡಿ ಪರ್ಪಿಚ್ ಕೋರ್ಟಿಗೆ ಹೋದರು. 1990ರಲ್ಲಿ ಸುಪ್ರೀಂ ಕೋರ್ಟಿನ ಅಷ್ಟೂ ನ್ಯಾಯಮೂರ್ತಿಗಳು ಅವರ ವಿರುದ್ಧವೇ ತೀರ್ಪು ಕೊಟ್ಟರು. ಇಲ್ಲಿ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರಂತೆ ನೇಮಕವಾದವರಲ್ಲ, ಜನರಿಂದ ಗೆದ್ದು ಬಂದವರು. ಅವರ ಮಾತೇ ನಡೆಯಲಿಲ್ಲ. 2025ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಬೇಡವೆಂದರೂ ಅಲ್ಲಿನ ಗಾರ್ಡ್ ಅನ್ನು ಅಧ್ಯಕ್ಷರು ಲಾಸ್ ಏಂಜಲೀಸ್‌ಗೆ ಇಳಿಸಿದ್ದನ್ನು ನಿಮ್ಮ ಓದುಗರು ಟೀವಿಯಲ್ಲೇ ನೋಡಿರಬಹುದು.

ಹಾಗಾದರೆ ರಾಜ್ಯದ ಕೈಯಲ್ಲಿ ಉಳಿದಿದ್ದೇನು? ಪ್ರವಾಹ, ಹಿಮಪಾತ ಬಂದಾಗ ಗವರ್ನರ್ ಈ ಪಡೆಯನ್ನು ಕರೆಯುತ್ತಾರೆ. ಅದು ದೊಡ್ಡ ಅನುಕೂಲ, ಒಪ್ಪೋಣ. ಉಳಿದಂತೆ ಹೆಚ್ಚಿನ ಕಡೆ ರಾಜ್ಯದ ಪಾಲಿಗೆ ಬಂದಿರುವುದು ಕಟ್ಟಡಗಳ ಉಸಾಬರಿ. ಪಡೆಯ ಆಯುಧ ಇಡುವ, ಕವಾಯತು ನಡೆಸುವ ಕಟ್ಟಡಕ್ಕೆ ಇಲ್ಲಿ ಆರ್ಮರಿ ಅನ್ನುತ್ತಾರೆ. ನ್ಯೂಯಾರ್ಕ್ ರಾಜ್ಯದ ಮಿಲಿಟರಿ ಕಾನೂನಿನಲ್ಲಿ ಆರ್ಮರಿಗಳ ಬಗ್ಗೆಯೇ ಒಂದು ಭಾಗವಿದೆ. ಯಾರು ಬಳಸಬಹುದು, ಹೊರಗಿನವರಿಗೆ ಹೇಗೆ ಕೊಡಬಹುದು ಎಂಬುದೆಲ್ಲ ಅದರಲ್ಲಿದೆ. ಓದುತ್ತಾ ಹೋದರೆ ಕಲ್ಯಾಣ ಮಂಟಪದ ಕರಾರುಪತ್ರ ಓದಿದ ಹಾಗಾಗುತ್ತದೆ.

1877ರ ರೈಲ್ವೆ ಮುಷ್ಕರದ ನಂತರ ಹೆದರಿದ ಶ್ರೀಮಂತರು, ಸರ್ಕಾರಗಳು ಸೇರಿ ಊರೂರಲ್ಲಿ ಕೋಟೆಯಂಥ ಆರ್ಮರಿಗಳನ್ನು ಎಬ್ಬಿಸಿದರು. ಬುರುಜು, ಗೋಪುರ ಎಲ್ಲ ಇವೆ. ಮುಷ್ಕರದ ಭಯ ಹೋಯಿತು, ಚಾವಣಿ ಸೋರುವುದು ಉಳಿಯಿತು. ಮ್ಯಾನ್‌ಹಟನ್‌ನ ಪಾರ್ಕ್ ಅವೆನ್ಯೂದಲ್ಲಿ 1880ರಲ್ಲಿ ತೆರೆದ ಏಳನೇ ರೆಜಿಮೆಂಟಿನ ಆರ್ಮರಿ ಎಷ್ಟು ಹಾಳಾಯಿತೆಂದರೆ, 2000ದಲ್ಲಿ ಜಗತ್ತಿನ ಅಪಾಯದಲ್ಲಿರುವ 100 ಸ್ಮಾರಕಗಳ ಪಟ್ಟಿಗೆ ಸೇರಿತು. ಕೊನೆಗೆ ಒಂದು ಕಲಾ ಸಂಸ್ಥೆಗೆ ದೀರ್ಘ ಗುತ್ತಿಗೆಗೆ ಕೊಟ್ಟು ಉಳಿಸಿಕೊಂಡರು. ಕವಾಯತು ನಡೆಯುತ್ತಿದ್ದ ಜಾಗದಲ್ಲಿ ಈಗ ಸಂಗೀತ, ನಾಟಕ.

ನ್ಯೂಯಾರ್ಕ್ ನಗರದ ಇನ್ನೊಂದು ಭಾಗವಾದ ಬ್ರಾಂಕ್ಸ್‌ನ ಕಿಂಗ್ಸ್‌ಬ್ರಿಡ್ಜ್ ಆರ್ಮರಿಗೆ ಆ ಅದೃಷ್ಟವೂ ಇರಲಿಲ್ಲ. 1910ರ ದಶಕದ ಕಟ್ಟಡ. ಅದರ ಕವಾಯತು ಅಂಗಳವೊಂದೇ ಸುಮಾರು 1,80,000 ಚದರ ಅಡಿ. 1996ರಲ್ಲಿ ಅದು ನಗರಾಡಳಿತದ ಕೈಗೆ ಬಂತು. ಆಮೇಲೆ ಶುರುವಾಯಿತು ಯೋಜನೆಗಳ ಮೆರವಣಿಗೆ. ಮಾಲ್ ಮಾಡೋಣ ಎಂದರು. ಅಲ್ಲಿನ ಅಂಗಡಿಗಳ ಕೆಲಸದವರಿಗೆ ಬದುಕಲು ಸಾಲುವಷ್ಟು ಸಂಬಳ ಸಿಗಬೇಕೆಂಬ ಜಗಳ ಎದ್ದು, 2009ರಲ್ಲಿ ನಗರಸಭೆ ಯೋಜನೆಯನ್ನೇ ತಳ್ಳಿಹಾಕಿತು. 2013ರಲ್ಲಿ ಐಸ್ ಸ್ಕೇಟಿಂಗ್ ಕೇಂದ್ರಕ್ಕೆ ಒಪ್ಪಿಗೆ ಸಿಕ್ಕಿತು, ಅದೂ ಆಗಲಿಲ್ಲ. ಪಡೆ ಬಿಟ್ಟುಹೋದ ಮೇಲೆ ಇಷ್ಟು ದೊಡ್ಡ ಕಟ್ಟಡ ಏನಾಗಬೇಕೆಂದು ಮೊದಲೇ ಯಾರೂ ಯೋಚಿಸಿರಲಿಲ್ಲ, ಅಷ್ಟೇ.

ಇಲ್ಲಿಂದ ಕಲಿಯುವುದಿದ್ದರೆ ಬೇರೊಂದು ವಿಷಯ ಇದೆ. ಖಾಸಗಿ ಗುಂಪುಗಳು ಬಂದೂಕು ಹಿಡಿದು ಕವಾಯತು ಮಾಡುವುದನ್ನು ಇಲಿನಾಯ್ ರಾಜ್ಯದ ಕಾನೂನು ತಡೆದಿತ್ತು. 1886ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇಂದಿಗೂ ಒಂದಲ್ಲ ಒಂದು ರೀತಿ ಎಲ್ಲ 50 ರಾಜ್ಯಗಳಲ್ಲೂ ಅಂಥ ಗುಂಪುಗಳಿಗೆ ಕಾನೂನಿನ ಕಡಿವಾಣ ಇದೆ. ಜಾರಿ ಮಾತ್ರ ಅಷ್ಟಕ್ಕಷ್ಟೆ.

ಇನ್ನು ನಮ್ಮ ಮಾತಿಗೆ ಬರೋಣ. ಸಂಸ್ಥಾನದ ಕಾಲದಲ್ಲಿ ಮೈಸೂರಿಗೆ ತನ್ನದೇ ಪಡೆ ಇತ್ತು. 1918ರಲ್ಲಿ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಹೆಸರು ಕೇಳಿರುತ್ತೀರಿ. ಆ ಕಾಲ ಮುಗಿಯಿತು. ನಮ್ಮ ಸಂವಿಧಾನದಲ್ಲಿ ಸೇನೆ, ದಂಡು ಪ್ರದೇಶ ಎರಡೂ ಕೇಂದ್ರದ ಪಟ್ಟಿಯಲ್ಲಿವೆ. ಆದರೆ ಓದುಗರು ಕೇಳುವ ಪಡೆಗೆ ಹತ್ತಿರವಾದದ್ದು ರಾಜ್ಯದ ಕೈಯಲ್ಲಿ ಈಗಾಗಲೇ ಇದೆ ಅಲ್ವಾ? 1962ರ ಕಾಯ್ದೆಯಡಿ ಇರುವ ಗೃಹರಕ್ಷಕ ದಳ. ಚುನಾವಣೆ, ಜಾತ್ರೆ, ನೆರೆ, ಟ್ರಾಫಿಕ್, ಎಲ್ಲದಕ್ಕೂ ಅವರೇ ಬೇಕು. ತಿಂಗಳಿಡೀ ದುಡಿದರೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗುವಂತೆ ಅವರಿಗೆ ಭತ್ಯೆ ಕೊಡಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಸುಮ್ನೆ ಹೊಸ ಪಡೆಯ ಚರ್ಚೆ ಮಾಡುವ ಬದಲು ನಿಮ್ಮ ಜಿಲ್ಲಾ ವರದಿಗಾರರನ್ನು ಒಮ್ಮೆ ಈ ದಳದ ಕಚೇರಿಗಳಿಗೆ ಕಳಿಸಿ. ಆ ತೀರ್ಪಿನಂತೆ ಭತ್ಯೆ ಸಿಗುತ್ತಿದೆಯೇ, ಕವಾಯತು ಮೈದಾನ ಯಾರ ಹೆಸರಿನಲ್ಲಿದೆ, ಕಟ್ಟಡದ ರಿಪೇರಿಗೆ ಹಣ ಎಲ್ಲಿಂದ ಬರುತ್ತದೆ, ಇಷ್ಟನ್ನು ಜಿಲ್ಲೆವಾರು ಪ್ರಕಟಿಸಿದರೆ ಉಪಕಾರವಾಗುತ್ತದೆ.

ಇತಿ,
ನಿಮ್ಮ ಓದುಗ, ನ್ಯೂಯಾರ್ಕ್