ಬರೀ ಕಿರುಚಾಟ ಎನ್ನುವುದು ಅನ್ಯಾಯ

ಮಾನ್ಯರೇ,

2000ರಲ್ಲಿ ಬಂದ, ಅಮೆರಿಕದ ರಾಕ್ ತಂಡ ಲಿಂಕಿನ್ ಪಾರ್ಕ್‌ನ ‘ಹೈಬ್ರಿಡ್ ಥಿಯರಿ’ ಆಲ್ಬಂ ಬಗ್ಗೆ ಬೆಂಗಳೂರಿನ ಕೇಳುಗರಲ್ಲಿ ಇಂದಿಗೂ ಒಮ್ಮತವಿಲ್ಲ. 2007ರಲ್ಲಿ ಅರಮನೆ ಮೈದಾನದಲ್ಲಿ, ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತಕ್ಕೆ ಹೆಸರಾದ ಐರನ್ ಮೇಡನ್ ತಂಡವನ್ನು ಕೇಳಿದ ನನ್ನ ಹಿರಿಯ ಗೆಳೆಯರು ಇದನ್ನು ಮೆಟಲ್ ಎಂದೇ ಒಪ್ಪುವುದಿಲ್ಲ. ಹಾಡುಗಳೆಲ್ಲ ಒಂದೇ ಅಚ್ಚಿನವು ಎಂಬ ಅವರ ದೂರಿನಲ್ಲಿ ತುಸು ಹುರುಳಿದೆ. ಆದರೆ ಬರೀ ಕಿರುಚಾಟ ಎಂದು ತಳ್ಳಿಹಾಕುವುದು ಅನ್ಯಾಯ. ‘ಇನ್ ದಿ ಎಂಡ್’ ಹಾಡನ್ನೇ ಗಮನಿಸಿ: ಮೊದಲು ಪಿಯಾನೊದ ಕೆಲವೇ ಸ್ವರಗಳು, ಅದರ ಮೇಲೆ ಮೈಕ್ ಶಿನೋಡಾ ಅವರ ರ‍್ಯಾಪ್, ಆಮೇಲೆ ಎದೆ ಬಿರಿಯುವಂತೆ ಚೆಸ್ಟರ್ ಬೆನ್ನಿಂಗ್ಟನ್ ಅವರ ದನಿ. ಬಾಲ್ಯದಲ್ಲಿ ಅನುಭವಿಸಿದ ನೋವನ್ನು ಚೆಸ್ಟರ್ ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದರು. 2017ರಲ್ಲಿ ಅವರು ತೀರಿಕೊಂಡರು. ಮಕ್ಕಳು ಬಾಗಿಲು ಹಾಕಿಕೊಂಡು ಇದನ್ನು ಕೇಳುತ್ತಿದ್ದರೆ, ಗದರುವ ಮೊದಲು ಪೋಷಕರು ಪಕ್ಕದಲ್ಲಿ ಕುಳಿತು ಒಂದು ಹಾಡನ್ನಾದರೂ ಪೂರ್ತಿ ಕೇಳಲಿ.

– ಓರ್ವ ಕೇಳುಗ, ಬಸವನಗುಡಿ, ಬೆಂಗಳೂರು