ಹಲ್ಲಿನ ಬ್ರಿಜ್: ಗ್ಯಾರಂಟಿ ಯಾವುದಕ್ಕೆ?

ಸಂಪಾದಕರಿಗೆ,

ಮಾನ್ಯರೇ,

‘ಫಿಕ್ಸ್ ಹಲ್ಲು, 15 ವರ್ಷ ಗ್ಯಾರಂಟಿ’ ಎಂಬ ಬೋರ್ಡುಗಳು ಈಗ ವಿಜಯಪುರ, ಬಾಗಲಕೋಟೆಗಳಲ್ಲೂ ಕಾಣತೊಡಗಿವೆ. ಫಿಕ್ಸ್ ಹಲ್ಲು ಎಂದರೆ ಬ್ರಿಜ್: ಬಿದ್ದ ಹಲ್ಲಿನ ಜಾಗ ತುಂಬಲು, ಅಕ್ಕಪಕ್ಕದ ಹಲ್ಲುಗಳನ್ನು ಸವೆಸಿ ಅವುಗಳ ಮೇಲೆ ಸಿಮೆಂಟ್‌ನಿಂದ ಅಂಟಿಸುವ ಕೃತಕ ಹಲ್ಲಿನ ಸಾಲು. ಆ ಗ್ಯಾರಂಟಿ ಕಾರ್ಡನ್ನು ಒಮ್ಮೆ ಪೂರ್ತಿ ಓದಿ. ಸಾಮಾನ್ಯವಾಗಿ ಅದು ಜಿರ್ಕೋನಿಯಾ (ಬ್ರಿಜ್ ಮಾಡುವ ಗಟ್ಟಿ ಬಿಳಿ ಪಿಂಗಾಣಿಯಂಥ ವಸ್ತು) ಒಡೆದರೆ ಬದಲಿಸಿಕೊಡುವ ಮಾತು, ಅಷ್ಟೇ. ಬ್ರಿಜ್ ಕೆಡುವುದು ಹೆಚ್ಚಾಗಿ ಅದನ್ನು ಹೊತ್ತ ಆಧಾರದ ಹಲ್ಲು ಹುಳುಕಾಗಿ, ಇಲ್ಲವೇ ಸಿಮೆಂಟ್ ಬಿಟ್ಟು. ಅದಕ್ಕೆ ಯಾವ ಕಾರ್ಡೂ ಬರುವುದಿಲ್ಲ.

ಹಾಗಾಗಿ ರೊಕ್ಕದ ಮಾತಿಗಿಂತ ಮೊದಲು ಎಕ್ಸ್-ರೇ ಆಗಬೇಕು. ಎಲುಬಿನೊಳಗಿರುವ ಬೇರು ಹೊರಗಿರುವ ಭಾಗಕ್ಕಿಂತ ಉದ್ದವಿರಬೇಕು. ಬೇರು 3 ಪಾಲು, ಹೊರಭಾಗ 2 ಪಾಲು ಇದ್ದರೆ ಒಳ್ಳೆಯದು, ಸಮಸಮ ಇದ್ದರೆ ಅದೇ ಕೊನೆಯ ಮಿತಿ. ಗುಟ್ಕಾ, ತಂಬಾಕು ಹಾಕುವವರಲ್ಲಿ ವಸಡು ಮೇಲೆ ಚೆನ್ನಾಗಿ ಕಂಡರೂ ಒಳಗೆ ಎಲುಬು ಕರಗಿರುವುದುಂಟು. ಆಧಾರದ ಹಲ್ಲುಗಳ ಬೇರಿನ ಒಟ್ಟು ಮೇಲ್ಮೈ, ಬಿದ್ದ ಹಲ್ಲುಗಳ ಬೇರಿನ ಮೇಲ್ಮೈಗಿಂತ ಕಡಿಮೆ ಇರಬಾರದು ಎಂದು 1926ರಲ್ಲಿ ಆಂಟೆ ಎಂಬ ದಂತವೈದ್ಯರು ಹೇಳಿದ್ದರು. ಇಂದು ಅದನ್ನು ಯಾರೂ ಕಾನೂನೆಂದು ಹಿಡಿಯುವುದಿಲ್ಲ, ಆದರೂ ಅಂದಾಜಿಗೆ ಈಗಲೂ ಉಪಯೋಗವಿದೆ.

ಉದ್ದದ ಲೆಕ್ಕ ಇನ್ನೂ ಕಟ್ಟುನಿಟ್ಟು. ನಡುವೆ ಒಂದು ಕೃತಕ ಹಲ್ಲಿದ್ದಾಗ ಬ್ರಿಜ್ ಬಾಗುವ ಪ್ರಮಾಣ 1 ಎಂದಿಟ್ಟುಕೊಂಡರೆ ಎರಡಕ್ಕೆ 8, ಮೂರಕ್ಕೆ 27. ದಪ್ಪ ಅರ್ಧವಾದರೂ ಬಾಗು 8 ಪಟ್ಟು. ಕಡಕ್ ರೊಟ್ಟಿ, ಶೇಂಗಾ ಅಗಿಯುವ ನಮ್ಮ ಬಾಯಿಗೆ ಮೂರು ದವಡೆ ಹಲ್ಲಿನ ಖಾಲಿ ಜಾಗಕ್ಕೆ ಒಂದೇ ಬ್ರಿಜ್ ಸರಿಯಲ್ಲ. ಹಿಂದಿನ ಕಟ್ಟಕಡೆಯ ಹಲ್ಲು ಹೋದಾಗ ಮುಂದಿನದಕ್ಕೆ ಒಂಟಿ ಹಲ್ಲು ಜೋತು ಹಾಕುವುದೂ ಅಷ್ಟೇ ತಪ್ಪು. ಕೋರೆ ಹಲ್ಲಿಗೆ ಅದರ ಮುಂದಿನ ಸಣ್ಣ ಬಾಚಿ ಹಲ್ಲನ್ನು ಜೋತು ಹಾಕಬಹುದು, ಅದು ಬೇರೆ ಮಾತು.

ಎಲ್ಲಕ್ಕಿಂತ ಹೆಚ್ಚು ಪೇಚಾಟ ಬಾಗಿದ ಹಲ್ಲಿನದು. ಆರನೇ ವರ್ಷದ ಹೊತ್ತಿಗೆ ಬರುವ ಮೊದಲ ದೊಡ್ಡ ದವಡೆ ಹಲ್ಲೇ ಬೇಗ ಹುಳುಕಾಗುವುದು. ಅದನ್ನು ಕೀಳಿಸಿ ವರ್ಷಗಟ್ಟಲೆ ಸುಮ್ಮನಿದ್ದರೆ ಹಿಂದಿನದು ಮುಂದಕ್ಕೆ ವಾಲುತ್ತದೆ, ಎದುರಿನದು ಖಾಲಿ ಜಾಗಕ್ಕೆ ಇಳಿಯುತ್ತದೆ. ಎರಡೂ ಆಧಾರದ ಹಲ್ಲುಗಳು ಒಂದೇ ದಿಕ್ಕಿಗೆ ಹೊಂದದೆ ಬ್ರಿಜ್ ಕೂರುವುದಿಲ್ಲ. ವಾಲಿಕೆ 25 ಡಿಗ್ರಿ ಮೀರಿದರೆ ಮೊದಲು ತಂತಿ ಹಾಕಿ ಹಲ್ಲನ್ನು ನೆಟ್ಟಗೆ ಮಾಡಬೇಕು, ಇಲ್ಲವೇ ಎರಡು ತುಂಡಿನ ಬ್ರಿಜ್ ಯೋಚಿಸಬೇಕು. ಇದಕ್ಕೆ ತಿಂಗಳುಗಳು ಬೇಕು. ಅವಸರಕ್ಕೆ ಬಿದ್ದವರು ವಾಲಿದ ಕಡೆಯನ್ನು ಸಿಕ್ಕಾಪಟ್ಟೆ ಸವೆಸುತ್ತಾರೆ, ಒಳಗಿನ ನರಕ್ಕೆ ತಾಗುತ್ತದೆ, ಆಮೇಲೆ ನರ ತೆಗೆದು ತುಂಬುವ ರೂಟ್ ಕೆನಾಲ್. ಮುಂದೆ ನೋವು ಬಾರದಿರಲೆಂದು ಎರಡು ಗಟ್ಟಿ ಹಲ್ಲುಗಳಿಗೆ ಮೊದಲೇ ರೂಟ್ ಕೆನಾಲ್ ಮಾಡಿಬಿಡುವುದಂತೂ ಸೋಮಾರಿತನ. ಹಾಗೆ ಮಾಡಿದ ಹಲ್ಲು ಬ್ರಿಜ್ ಒಳಗೇ ಮುರಿಯುವ ಸಾಧ್ಯತೆ ಹೆಚ್ಚು.

ಸವೆಸುವುದಕ್ಕೂ ಅಳತೆ ಇದೆ. ಅಗಿಯುವ ಮೇಲ್ಮೈಯಲ್ಲಿ ಒಂದೂವರೆಯಿಂದ ಎರಡು ಮಿ.ಮೀ. ಸಾಕು. ಬದಿಗಳು ಹೆಚ್ಚುಕಡಿಮೆ ನೇರವಾಗಿ ನಿಲ್ಲಬೇಕು, ಶಂಕುವಿನಂತಾದರೆ ಸಿಮೆಂಟ್ ಹಿಡಿಯದು. ಸವೆಸಿದ ದವಡೆ ಹಲ್ಲು 4 ಮಿ.ಮೀ. ಆದರೂ ಎತ್ತರ ಉಳಿಯಬೇಕು. ಬ್ರಿಜ್ ಬರುವವರೆಗೆ ತಾತ್ಕಾಲಿಕ ಹಲ್ಲು ಕೂರಿಸಲೇಬೇಕು. ಬರಿದೇ ಬಿಟ್ಟ ಹಲ್ಲು ಸರಿದು, ಲ್ಯಾಬಿನಿಂದ ಬಂದದ್ದು ಕೂರದಂತಾಗುತ್ತದೆ. ದವಡೆಯ ಜಿರ್ಕೋನಿಯಾ ಬ್ರಿಜ್‌ನಲ್ಲಿ ಹಲ್ಲು-ಹಲ್ಲಿನ ಜೋಡಣೆ 9 ಚದರ ಮಿ.ಮೀ.ಗಿಂತ ಕಿರಿದಾದರೆ ಅಲ್ಲೇ ಸೀಳು ಬಿಡುತ್ತದೆ. ಬಣ್ಣವನ್ನು ಹಲ್ಲು ಸವೆಸುವ ಮುಂಚೆ ಹಗಲು ಬೆಳಕಿನಲ್ಲಿ ಆರಿಸಬೇಕು, ಏಕೆಂದರೆ ಕೆಲಸದ ವೇಳೆ ಒಣಗಿದ ಹಲ್ಲು ಬೆಳ್ಳಗೆ ಕಾಣುತ್ತದೆ. ಫ್ಲೋರೈಡ್ ನೀರು ಕುಡಿದು ಕಂದು ಗೆರೆ ಬಿದ್ದ ಹಲ್ಲುಗಳ ನಡುವೆ ಹಾಲಿನಂಥ ಬ್ರಿಜ್ ದೂರದಿಂದಲೇ ಗೊತ್ತಾಗುತ್ತದೆ.

ನಡುವಿನ ಕೃತಕ ಹಲ್ಲಿನ ತಳ ಉಬ್ಬಾಗಿದ್ದು ವಸಡನ್ನು ಬರೀ ಮುಟ್ಟಬೇಕು. ಕುದುರೆಯ ಜೀನಿನಂತೆ ಕವುಚಿ ಕೂತರೆ ಕೆಳಗೆ ಅನ್ನ ನಿಂತು ವಾಸನೆ ಬರುತ್ತದೆ. ಅಂಟಿಸಿದ ನಂತರ ಸೂಪರ್ ಫ್ಲಾಸ್ (ಹಲ್ಲಿನ ಸಂದಿ ಸ್ವಚ್ಛ ಮಾಡುವ) ದಾರವನ್ನು ಕೆಳಗಿನಿಂದ ತೂರಿಸಿ ಎಳೆದು ನೋಡಿ: ತೂರದಿದ್ದರೆ ಆಕಾರ ತಪ್ಪಿದೆ, ಎಳೆ ಬಿಚ್ಚಿ ಬಂದರೆ ಅಂಚು ಎದ್ದಿದೆ. ದಿನಾ ರಾತ್ರಿ ಇದೇ ದಾರದಿಂದ ಸ್ವಚ್ಛ ಮಾಡಿಕೊಳ್ಳಬೇಕು. ವರ್ಷಗಳ ನಂತರ ಬ್ರಿಜ್ ಒತ್ತಿದಾಗ ಒಂದು ತುದಿಯ ಅಂಚಿನಲ್ಲಿ ಜೊಲ್ಲಿನ ಗುಳ್ಳೆ ಎದ್ದರೆ ಅಲ್ಲಿ ಸಿಮೆಂಟ್ ಬಿಟ್ಟಿದೆ ಎಂದರ್ಥ. ಇನ್ನೊಂದು ತುದಿ ಹಿಡಿದುಕೊಂಡಿರುವುದರಿಂದ ಬ್ರಿಜ್ ಬೀಳದು, ರೂಟ್ ಕೆನಾಲ್ ಆದ ಹಲ್ಲಾದರೆ ನೋಯುವುದೂ ಇಲ್ಲ, ಒಳಗೊಳಗೇ ಹಲ್ಲು ಪೂರ್ತಿ ಕರಗುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ದಂತ ವೈದ್ಯಕೀಯ ಕಾಲೇಜುಗಳಿವೆ. ಅವು ಹಳ್ಳಿಗಳಲ್ಲಿ ನಡೆಸುವ ಶಿಬಿರಗಳಲ್ಲಿ ಹಳೆಯ ಬ್ರಿಜ್‌ಗಳ ಅಂಚು ಪರೀಕ್ಷೆಗೂ ಒಂದು ಮೇಜು ಇಡಲಿ. ಹೊಸದಾಗಿ ಕಟ್ಟಿಸುವವರು ಯಾವ ಹಲ್ಲು ಸವೆಸುತ್ತಾರೆ, ಯಾಕೆ, ಯಾವ ವಸ್ತು ಎಂಬುದನ್ನು ಎಕ್ಸ್-ರೇ ಪ್ರತಿಯೊಂದಿಗೆ ಚೀಟಿಯಲ್ಲಿ ಬರೆಸಿಕೊಂಡೇ ಮುಂಗಡ ಕೊಡಲಿ.

– ಕೆಲವು ದಂತವೈದ್ಯರು, ಬಾಗಲಕೋಟೆ