ಅಳಿವೆ ದಾಟಿ ನೋಡು

ಹೊನ್ನಾವರ

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹಳೇ ಬಂದರಿನ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ ಮಗಾ. ಆದರೆ 'ಬೆಳಕು ಹರಿಯುತ್ತಲೇ ಹಡಗು ಅಳಿವೆ ದಾಟಿತು' ಅಂದಿದ್ದೀಯಲ್ಲ, ಅಲ್ಲಿ ತಡೆದು ನಿಂತೆ. ನಮ್ಮ ಶರಾವತಿಯ ಅಳಿವೆಯಲ್ಲಿ ಮರಳಿನ ದಿಬ್ಬ ಇದೆ, ನೀರು ಏರಿದಾಗಲೇ ಹಡಗು ದಾಟಬೇಕು. ಇಲ್ಲಿ ಗಡಿಯಾರಕ್ಕಿಂತ ಉಬ್ಬರ ಮುಖ್ಯ. ಇದು ಲೈಬ್ರರಿಯಲ್ಲಿ ಕೂತರೆ ಗೊತ್ತಾಗುವುದಲ್ಲ, ಅಲ್ವಾ?

ಆಗ ಸ್ಯಾಮ್ಯುಯೆಲ್ ಎಲಿಯಟ್ ಮಾರಿಸನ್ ನೆನಪಾದರು. 1887ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವರು, ಹಾರ್ವರ್ಡ್‌ನಲ್ಲಿ ಇತಿಹಾಸದ ಮೇಷ್ಟ್ರು. ಕೊಲಂಬಸ್ ಬಗ್ಗೆ ಬರೆಯಬೇಕಾದಾಗ ಸುಮ್ನೆ ಹಳೇ ಕಾಗದ ತಿರುವಲಿಲ್ಲ. 1939ರಲ್ಲಿ 'ಕ್ಯಾಪಿಟಾನಾ' ಅನ್ನುವ ಮೂರು ಕೂವೆಮರದ ಹಾಯಿಹಡಗು ಹತ್ತಿ ಅಟ್ಲಾಂಟಿಕ್‌ಗೆ ಇಳಿದರು. ಕೊಲಂಬಸ್‌ನ ದಿನಚರಿಯಲ್ಲಿದ್ದ ಗಾಳಿ, ದಿಕ್ಕು, ದಡ ಎಲ್ಲವನ್ನೂ ಕಣ್ಣಾರೆ ಕಂಡದ್ದರ ಜೊತೆ ತಾಳೆ ನೋಡಿದರು. ಹಾಗೆ ಬರೆದ ಪುಸ್ತಕಕ್ಕೆ 1943ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಅಷ್ಟರಲ್ಲಿ ಎರಡನೇ ಮಹಾಯುದ್ಧ. ಅಮೆರಿಕದ ನೌಕಾಪಡೆಯ ಯುದ್ಧದ ಚರಿತ್ರೆಯನ್ನು ಹಡಗಿನೊಳಗೇ ಇದ್ದು ಬರೆಯುತ್ತೇನೆ ಅಂತ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನೇ ಕೇಳಿದರು. 1942ರಲ್ಲಿ ಸಮವಸ್ತ್ರ ತೊಟ್ಟಾಗ ವಯಸ್ಸು 54! ಅದೇ ವರ್ಷ ಉತ್ತರ ಆಫ್ರಿಕಾದ ದಾಳಿಯಲ್ಲಿ 'ಬ್ರೂಕ್ಲಿನ್' ಯುದ್ಧನೌಕೆಯ ಮೇಲಿದ್ದರು. ಆಮೇಲೆ ಪೆಸಿಫಿಕ್. ಬರೆದು ಮುಗಿಸುವ ಹೊತ್ತಿಗೆ 1962, ಒಟ್ಟು 15 ಸಂಪುಟ. ಆದರೂ ಸಾಮಾನ್ಯ ಓದುಗರು ಕೈಗೆತ್ತಿಕೊಂಡರು. ಕಡಲು ಕಂಡವರ ವಾಕ್ಯ ಬೇರೆಯೇ ಇರುತ್ತದೆ.

ಒಂದು ಮಾತು ಮುಚ್ಚಿಡಬಾರದು. ಅವರು ಇನ್ನೊಬ್ಬರ ಜೊತೆ ಸೇರಿ ಬರೆದ ಅಮೆರಿಕದ ಇತಿಹಾಸದ ಪಠ್ಯದಲ್ಲಿ ಕಪ್ಪು ಗುಲಾಮರನ್ನು ತಮ್ಮ ಪಾಡಿಗೆ ಸುಖವಾಗಿದ್ದವರು ಅನ್ನುವಂತೆ ಚಿತ್ರಿಸಿದ್ದರು. ಕಪ್ಪು ಜನ ವರ್ಷಗಟ್ಟಲೆ ಪ್ರತಿಭಟಿಸಿದ ಮೇಲಷ್ಟೇ ಅದು ಬದಲಾಯಿತು. ಓದುವಾಗ ನನಗೆ ಬಹಳ ಬೇಜಾರಾಯಿತು. ಗಾಳಿಯನ್ನು ಅಷ್ಟು ಪರೀಕ್ಷಿಸಿದವರು ನೊಂದವರ ಮಾತಿಗೆ ಕಿವಿ ಕೊಡಲಿಲ್ಲ. ನೀನು ಹಡಗಿನ ಒಡೆಯರ ಲೆಕ್ಕದ ಪುಸ್ತಕ ನೋಡಿದ್ದೀಯ, ಸರಿ. ಮೂಟೆ ಹೊತ್ತವರ ಮೊಮ್ಮಕ್ಕಳು ಇಲ್ಲೇ ಇದ್ದಾರೆ. ಅವರ ಮನೆ ಜಗಲಿಯಲ್ಲೂ ಕೂತು ಬಾ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಬಂದುಬಿಡು. ಪರಿಚಯದ ತಾಂಡೇಲರೊಬ್ಬರಿಗೆ, ಅಂದರೆ ದೋಣಿ ನಡೆಸುವವರಿಗೆ, ಹೇಳಿಟ್ಟಿದ್ದೇನೆ, ದೋಣಿಯಲ್ಲಿ ಜಾಗ ಕೊಡುತ್ತಾರೆ. ಹೊರಡುವ ಮುಂಚೆ ಜಾಸ್ತಿ ತಿನ್ನಬೇಡ. ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಾ. ಎಷ್ಟು ಗಂಟೆಗೆ ಅಂತ ಕೇಳಬೇಡ, ಉಬ್ಬರ ಬಂದಾಗ ಎಬ್ಬಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ